ಲೇಸ್ ಶಾಲು ಹೆಣೆದು ವೈದ್ಯಕೀಯ ನೆರವಿಗೆ ಹಣ ಕೂಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿರುವ ನಾವು ಐದಾರು ಮಂದಿ ಹೆಂಗಸರು ವರ್ಷಕ್ಕೊಂದೊಂದು ಲೇಸ್ ಶಾಲು ಹೆಣೆಯುತ್ತೇವೆ. ಅವನ್ನು ಪರಿಚಿತರ ನಡುವೆ ಹರಾಜಿಗಿಟ್ಟು, ಕೂಗಿದ ಹಣವೆಲ್ಲ ವೈದ್ಯಕೀಯ ನೆರವಿಗೆ ಹೋಗುವಂತೆ ನೋಡಿಕೊಳ್ಳುತ್ತೇವೆ. ನಮ್ಮ ಗುಂಪಿಗೆ ಹೆಸರಿಲ್ಲ, ಕಚೇರಿಯೂ ಇಲ್ಲ. ಶಾಲು ನೋಡಿದವರು, ತಾವೂ ಹೆಣೆಯಬೇಕೆಂದು ಹೊರಟವರು, ದುಡ್ಡಿನ ಬಗ್ಗೆ ಅನುಮಾನವಿದ್ದವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಶಾಲನ್ನು ಹೆಣೆದು ಸಂತ್ರಸ್ತರಿಗೇ ಕಳಿಸಬಹುದಲ್ಲ? ಮಾರುವುದು ಏಕೆ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ನನಗೆ ಇದಕ್ಕೆ ಉತ್ತರ ಸಿಕ್ಕಿದ್ದು 2018ರ ಆಗಸ್ಟಿನಲ್ಲಿ. ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ ನಮ್ಮ ಊರಿನ ಒಂದು ಸಂಗ್ರಹ ಕೇಂದ್ರದಲ್ಲಿ ಮೂರು ದಿನ ಬಟ್ಟೆ ವಿಂಗಡಿಸುತ್ತಾ ಕುಳಿತಿದ್ದೆ. ಸೊಂಟದೆತ್ತರದ ರಾಶಿ. ಗುಂಡಿ ಕಿತ್ತ ಶರ್ಟು, ರವಿಕೆಯಿಲ್ಲದ ಜರಿ ಸೀರೆ, ಜೊತೆ ತಪ್ಪಿದ ಚಪ್ಪಲಿ, ಒಂದು ಮದುವೆಯ ಶೇರ್ವಾನಿ. ಅದೇ ಹೊತ್ತಿಗೆ ಶಿಬಿರಗಳಿಂದ ಬರುತ್ತಿದ್ದ ಪಟ್ಟಿಯಲ್ಲಿ ಒಳಉಡುಪು, ಸ್ಯಾನಿಟರಿ ಪ್ಯಾಡ್, ಟಾರ್ಪಾಲು, ರಕ್ತದೊತ್ತಡದ ಮಾತ್ರೆ ಎಂದಿತ್ತು. ಕೊಟ್ಟವರ ಮನಸ್ಸು ಒಳ್ಳೆಯದೇ. ಆದರೆ ಅವರು ಕೊಟ್ಟಿದ್ದು ತಮ್ಮ ಬೀರುವಿನಲ್ಲಿ ಮಿಕ್ಕಿದ್ದನ್ನು. 2004ರ ಸುನಾಮಿಯ ನಂತರ ನಾಗಪಟ್ಟಣದ ಕಡೆಗೂ ಇದೇ ಆಗಿತ್ತು. ಲಾರಿಗಟ್ಟಲೆ ಬಂದ ಹಳೆಯ ಬಟ್ಟೆ ರಸ್ತೆ ಬದಿಯಲ್ಲಿ ಬಿದ್ದು ಕೊಳೆಯಿತು. ಅದನ್ನು ತೆಗೆದು ಸಾಗಿಸುವುದೇ ಅಲ್ಲಿನವರಿಗೆ ಇನ್ನೊಂದು ಕೆಲಸವಾಯಿತು.

ಲೇಸ್ ಶಾಲು ಎಷ್ಟೇ ಚೆಂದವಿದ್ದರೂ ಮನೆ ಕಳೆದುಕೊಂಡವರಿಗೆ ಅದು ಆ ಶೇರ್ವಾನಿಯ ಹಾಗೆಯೇ. ಅದರ ಚೆಂದಕ್ಕೆ ಹಣ ಕೊಡಬಲ್ಲವರು ಬೇರೆ ಕಡೆ ಇದ್ದಾರೆ. ಅವರಿಂದ ಹಣ ಪಡೆದು, ಯಾರಿಗೆ ಏನು ಬೇಕೆಂದು ಸ್ಥಳದಲ್ಲೇ ನೋಡಿ ತಿಳಿದವರ ಕೈಗೆ ಕೊಡುತ್ತೇವೆ. ನಮ್ಮ ಕೆಲಸ ಇಷ್ಟೇ.

ಹಾಗೆಂದು ಹೆಣೆದದ್ದನ್ನು ಕೊಡಲೇಬಾರದು ಎಂದೇನಿಲ್ಲ. ನಿಮ್ಮೂರಿನ ಆಸ್ಪತ್ರೆಯ ಹೆರಿಗೆ ವಾರ್ಡಿನವರು ಇಂಥ ಅಳತೆಯ ಕುಲಾವಿ ಇಷ್ಟು ಬೇಕು ಎಂದು ಕೇಳಿದರೆ ಖಂಡಿತ ಹೆಣೆದುಕೊಡಿ. ಕೇಳಿದ ಮೇಲೆ ಕೊಡಿ.

ಹಣ ಯಾರಿಗೆ ಹೋಗುತ್ತದೆ? ಆ ಸಂಸ್ಥೆಯನ್ನೇ ಆರಿಸಿದ್ದು ಏಕೆ?

ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್ ಎಂಬ ವೈದ್ಯರ ಸಂಸ್ಥೆಗೆ. ಫ್ರೆಂಚ್ ಹೆಸರಿನ ಮೊದಲಕ್ಷರಗಳಿಂದ ಅದನ್ನು ಎಂಎಸ್‌ಎಫ್ ಎನ್ನುತ್ತಾರೆ. ನೈಜೀರಿಯಾದ ಬಿಯಾಫ್ರಾ ಯುದ್ಧದ ಹಸಿವನ್ನು ಕಣ್ಣಾರೆ ಕಂಡು ಬಂದ ವೈದ್ಯರು ಕೆಲವು ಪತ್ರಕರ್ತರೊಂದಿಗೆ ಸೇರಿ 1971ರಲ್ಲಿ ಪ್ಯಾರಿಸ್ಸಿನಲ್ಲಿ ಕಟ್ಟಿದ್ದು. 1999ರಲ್ಲಿ ಅದಕ್ಕೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅದೇ ವರ್ಷ ಭಾರತದಲ್ಲೂ ಕೆಲಸ ಶುರು ಮಾಡಿತು. ಬಿಹಾರದಲ್ಲಿ ಮರಳುನೊಣದಿಂದ ಹರಡುವ ಕಾಲಾ ಅಜರ್ ಜ್ವರದ ರೋಗಿಗಳಿಗೆ, ಮುಂಬೈಯಲ್ಲಿ ಔಷಧಕ್ಕೆ ಬಗ್ಗದ ಕ್ಷಯದ ರೋಗಿಗಳಿಗೆ ಅದು ಚಿಕಿತ್ಸೆ ಕೊಟ್ಟಿದೆ.

ಅದರ ಹಣದಲ್ಲಿ ಶೇ 95ಕ್ಕೂ ಹೆಚ್ಚು ಪಾಲು ಸರ್ಕಾರಗಳಿಂದಲ್ಲ, ನಮ್ಮಂಥ ಖಾಸಗಿ ದಾನಿಗಳಿಂದ ಬರುತ್ತದೆ. ಯುರೋಪಿನ ದೇಶಗಳು ನಿರಾಶ್ರಿತರನ್ನು ಹೊರಗಿಡುವ ನೀತಿ ಹಿಡಿದಾಗ, 2016ರಲ್ಲಿ, ಐರೋಪ್ಯ ಒಕ್ಕೂಟದ ಹಣವೇ ಬೇಡವೆಂದಿತು. ನನಗೆ ಇದಕ್ಕಿಂತ ದೊಡ್ಡದಾಗಿ ಕಂಡದ್ದು ಸುನಾಮಿಯ ಹೊತ್ತಿನಲ್ಲಿ ಅದು ನಡೆದುಕೊಂಡ ರೀತಿ. ಜಗತ್ತೆಲ್ಲ ಹಣ ಸುರಿಯುತ್ತಿರುವಾಗ, ದುರಂತವಾಗಿ ಹೆಚ್ಚುಕಡಿಮೆ ಒಂದು ವಾರಕ್ಕೇ, ಸುನಾಮಿ ಕೆಲಸಕ್ಕೆ ಬೇಕಾದಷ್ಟು ಬಂದಿದೆ, ಇನ್ನು ಕಳಿಸಬೇಡಿ ಎಂದು ಪ್ರಕಟಿಸಿತು. ಹೆಚ್ಚಾಗಿ ಬಂದ ಹಣವನ್ನು ಬೇರೆ ಕಡೆ ಬಳಸಬಹುದೇ ಎಂದು ದಾನಿಗಳ ಒಪ್ಪಿಗೆ ಕೇಳಿತು. ಸಾಕು ಎಂದು ಹೇಳುವ ಸಂಸ್ಥೆಯ ಲೆಕ್ಕವನ್ನು ನಂಬಬಹುದು ಎಂದು ನಾವು ಆವತ್ತೇ ತೀರ್ಮಾನಿಸಿದೆವು.

ಇಂಥ ದೇಶಕ್ಕೆ, ಇಂಥ ದುರಂತಕ್ಕೇ ಎಂದು ಗುರುತು ಹಾಕಿ ಕೊಡಬಹುದೇ?

ಬೇಡ ಎನ್ನುತ್ತೇನೆ. ಕಾರಣ ಮೇಲಿನ ಉತ್ತರದಲ್ಲೇ ಇದೆ. ಟಿ.ವಿ.ಯಲ್ಲಿ ಕಾಣುವ ದುರಂತಕ್ಕೆ ಹಣ ತಾನಾಗಿ ಬರುತ್ತದೆ. ಯಾರೂ ತೋರಿಸದ ಊರಿನ ಕಾಲರಾಕ್ಕೆ ಬರುವುದಿಲ್ಲ.

ಒಂದು ಶಾಲಿನ ಹಣದಿಂದ ಏನಾದೀತು?

ಕಾಗದದ ಒಂದು ಪಟ್ಟಿಯ ಬಗ್ಗೆ ಹೇಳುತ್ತೇನೆ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳ ತೋಳಿಗೆ, ಭುಜ ಮತ್ತು ಮೊಣಕೈಗಳ ನಡುಮಧ್ಯದಲ್ಲಿ ಸುತ್ತಿ ಅಳೆಯುವ ಪಟ್ಟಿ ಅದು. ಹಸಿರು, ಹಳದಿ, ಕೆಂಪು ಬಣ್ಣಗಳಿರುತ್ತವೆ. ತೋಳಿನ ಸುತ್ತಳತೆ 115 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಕೆಂಪು. ಆ ಮಗು ತೀವ್ರ ಅಪೌಷ್ಟಿಕತೆಯಲ್ಲಿದೆ, ಚಿಕಿತ್ಸೆ ಸಿಗದಿದ್ದರೆ ಉಳಿಯುವುದು ಕಷ್ಟ ಎಂದರ್ಥ.

ನಮ್ಮ ಶಾಲಿನ ಹೆಣಿಗೆಯಲ್ಲಿ ಹತ್ತು ಸೆಂಟಿಮೀಟರಿಗೆ ಸುಮಾರು 18 ಕುಣಿಕೆ, ಅಂದರೆ ಕಡ್ಡಿಯ ಮೇಲೆ ಕೂರುವ ನೂಲಿನ ಸುತ್ತು, ಬರುತ್ತವೆ. ಒಂದು ಸಂಜೆ ಲೆಕ್ಕ ಹಾಕಿ ನೋಡಿದೆ. 115 ಮಿಲಿಮೀಟರ್ ಎಂದರೆ ಸುಮಾರು 21 ಕುಣಿಕೆ. ನಮ್ಮ ನಮೂನೆಯಲ್ಲಿ ಮತ್ತೆ ಮತ್ತೆ ಬರುವ ಒಂದು ಅಲೆಗೆ 18, ಅಂಚಿಗೆ 3. ಶಾಲಿನ ಅಂಚನ್ನೂ ಮೊದಲ ಅಲೆಯನ್ನೂ ನನ್ನ ಹೆಬ್ಬೆರಳಿನ ಸುತ್ತ ಬಳಸಿದೆ. ಎರಡು ಸುತ್ತೂ ಪೂರ್ತಿ ಆಗಲಿಲ್ಲ. ಒಂದು ಮಗುವಿನ ತೋಳು ಇಷ್ಟೇ. ಅವತ್ತಿನಿಂದ ಪ್ರತಿ ಸಾಲಿನ ಮೊದಲ 21 ಕುಣಿಕೆಗಳನ್ನು ನಾನು ಅವಸರದಲ್ಲಿ ಹೆಣೆದದ್ದಿಲ್ಲ.

ಆ ಕೆಂಪು ಪಟ್ಟಿಯ ಮಕ್ಕಳಿಗೆ ಕೊಡುವುದು ಕಡಲೆಕಾಯಿ ಬೀಜವನ್ನು ನುಣ್ಣಗೆ ಅರೆದು, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ವಿಟಮಿನ್ ಮತ್ತು ಖನಿಜಗಳನ್ನು ಸೇರಿಸಿ ಮಾಡಿದ ಒಂದು ಮುದ್ದೆಯಂಥ ಆಹಾರ. 92 ಗ್ರಾಮಿನ ಒಂದು ಪೊಟ್ಟಣದಲ್ಲಿ 500 ಕಿಲೊಕ್ಯಾಲರಿ. ಬೇಯಿಸಬೇಕಿಲ್ಲ, ನೀರು ಬೆರೆಸಬೇಕಿಲ್ಲ, ಫ್ರಿಜ್ ಬೇಡ. ಮೂಲೆ ಹರಿದು ಕೈಗೆ ಕೊಟ್ಟರೆ ಮಗು ಹೀರಿಕೊಂಡು ತಿನ್ನುತ್ತದೆ. 2005ರಲ್ಲಿ ನೈಜರ್ ದೇಶದಲ್ಲಿ ಹಸಿವು ಬಂದಾಗ ಎಂಎಸ್‌ಎಫ್ ಇದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿತು. ಹೆಚ್ಚಿನ ಮಕ್ಕಳನ್ನು ಆಸ್ಪತ್ರೆಯಲ್ಲಿ ಮಲಗಿಸದೆ, ತಾಯಂದಿರ ಕೈಗೇ ವಾರದ ಪೊಟ್ಟಣಗಳನ್ನು ಕೊಟ್ಟು ಮನೆಗೆ ಕಳಿಸಲು ಆಯಿತು. ಒಂದು ಮಗು ಚೇತರಿಸಿಕೊಳ್ಳುವಷ್ಟರಲ್ಲಿ ಹೆಚ್ಚುಕಡಿಮೆ ಒಂದು ಪೆಟ್ಟಿಗೆ, ಅಂದರೆ 150 ಪೊಟ್ಟಣ, ಖರ್ಚಾಗುತ್ತದೆ. ಕಡಲೆಕಾಯಿ ಪರಿಷೆಯ ನಾಡಿನವರಾದ ನಮಗೆ ಅದರ ಶಕ್ತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿಮ್ಮ ಶಾಲಿನ ರೂಪಾಯಿ ಇದೇ ಪೆಟ್ಟಿಗೆಗೆ ಹೋಯಿತು ಎಂದು ನಾನು ಹೇಳಲಾರೆ. ಅದು ವೈದ್ಯರ ಜೀಪಿನ ಡೀಸೆಲ್ಲಿಗೂ ಹೋಗಿರಬಹುದು. ಡೀಸೆಲ್ ಇಲ್ಲದೆ ಪೆಟ್ಟಿಗೆ ಊರು ತಲುಪುವುದಿಲ್ಲ.

ಹೆಣಿಗೆಯಿಂದ ಹೀಗೆ ದೊಡ್ಡ ಮೊತ್ತ ಕೂಡಿದ ಉದಾಹರಣೆ ಇದೆಯೇ?

ಇದೆ. ಕೆನಡಾದ ಟೊರಾಂಟೊದಲ್ಲಿರುವ ಸ್ಟೆಫನಿ ಪರ್ಲ್-ಮೆಕ್‌ಫೀ ಎಂಬ ಹೆಣಿಗೆಗಾರ್ತಿ 2004ರ ಸುನಾಮಿಯಾದಾಗ ‘ನಿಟ್ಟರ್ಸ್ ವಿದೌಟ್ ಬಾರ್ಡರ್ಸ್’ ಎಂಬ ಅಭಿಯಾನ ಶುರು ಮಾಡಿದರು. ಅವರು ಕೇಳಿದ್ದು ತುಂಬಾ ಸರಳ: ಒಂದು ವಾರ, ಖರ್ಚು ಮಾಡುವ ಮೊದಲು ಇದು ಅಗತ್ಯವೋ ಆಸೆಯೋ ಎಂದು ನೋಡಿಕೊಳ್ಳಿ, ಆಸೆಯಿಂದ ಉಳಿದ ಹಣವನ್ನು ಎಂಎಸ್‌ಎಫ್‌ಗೆ ಕೊಡಿ. ಕೊಟ್ಟವರಿಗೆ ಬೇರೆ ಹೆಣಿಗೆಗಾರರು ನೂಲು, ನಮೂನೆಗಳನ್ನು ಉಡುಗೊರೆಯಾಗಿ ಕಳಿಸಿದರು. ಹೀಗೆ ಕೂಡಿದ್ದು ಹತ್ತು ಲಕ್ಷ ಡಾಲರನ್ನೂ ದಾಟಿತು. ನಾವು ಶಾಲಿನ ದಾರಿ ಹಿಡಿದದ್ದು ಬೇರೆ, ಆದರೆ ಕಿಡಿ ಅಲ್ಲಿಂದಲೇ ಬಂದದ್ದು.

ಇನ್ನೊಂದು ಬಗೆಯದು ಸ್ವೀಡನ್ನಿನ ಬೋಹುಸ್ಲೆನ್ ಪ್ರಾಂತದ್ದು. ಕಲ್ಲುಗಣಿ ಕೆಲಸ ನಿಂತು ಗಂಡಸರು ಮನೆಯಲ್ಲಿ ಕುಳಿತಾಗ, ಅವರ ಹೆಂಡತಿಯರ ಹೆಣಿಗೆಗೆ ಮಾರುಕಟ್ಟೆ ಕಟ್ಟಿಕೊಟ್ಟವರು ಎಮ್ಮಾ ಯಾಕೋಬ್‌ಸನ್. 1939ರಲ್ಲಿ ಶುರುವಾದ ಆ ಸಂಸ್ಥೆ 1969ರವರೆಗೆ ನಡೆಯಿತು. ಅಲ್ಲಿ ಹೆಣೆದವರಿಗೇ ಹಣ ಸೇರಿತು. ಅದನ್ನೂ ನಾನು ಮಾನವೀಯ ನೆರವು ಎಂದೇ ಕರೆಯುತ್ತೇನೆ.

ಲೇಸ್ ಹೆಣಿಗೆ ಎಂದರೆ ಕ್ರೋಷಾ ಕೆಲಸವೇ?

ಅಲ್ಲ. ಕ್ರೋಷಾಕ್ಕೆ ಕೊಕ್ಕೆಯಿರುವ ಒಂದೇ ಕಡ್ಡಿ. ನಮ್ಮದು ಎರಡು ಕಡ್ಡಿಯ, ಸ್ವೆಟರ್ ಹೆಣೆಯುವ ಅದೇ ಹೆಣಿಗೆ. ಕಡ್ಡಿಗೆ ನೂಲನ್ನು ಒಂದು ಸುತ್ತು ಸುಮ್ಮನೆ ಸುತ್ತಿದರೆ ಅಲ್ಲೊಂದು ಕಿಂಡಿ ಬೀಳುತ್ತದೆ, ಒಂದು ಕುಣಿಕೆ ಹೆಚ್ಚುತ್ತದೆ. ಹೆಚ್ಚಿದ್ದನ್ನು ಸರಿದೂಗಿಸಲು ಪಕ್ಕದಲ್ಲೆಲ್ಲೋ ಎರಡು ಕುಣಿಕೆ ಸೇರಿಸಿ ಒಂದು ಮಾಡುತ್ತೇವೆ. ಲೇಸ್ ಎಂದರೆ ಇಷ್ಟೇ. ಸ್ವೆಟರ್ ಹೆಣೆದು ಗೊತ್ತಿರುವವರಿಗೆ ಇದರಲ್ಲಿ ಹೊಸದು ಒಂದೇ: ಎಣಿಕೆ ತಪ್ಪದಿರುವುದು.

ಮೊದಲ ಸಲಕ್ಕೆ ಯಾವ ನಮೂನೆ?

ಶೆಟ್ಲೆಂಡ್ ದ್ವೀಪಗಳ ‘ಓಲ್ಡ್ ಶೇಲ್’. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆ ದ್ವೀಪಗಳ ಹೆಂಗಸರು ತಲೆಮಾರುಗಳಿಂದ ಹೆಣೆಯುತ್ತಿರುವ ನಮೂನೆ ಇದು. ಯಾರೊಬ್ಬರ ಸ್ವತ್ತೂ ಅಲ್ಲ. ದಡಕ್ಕೆ ಬಂದು ಮಡಿಯುವ ಅಲೆಗಳ ಹಾಗೆ ಕಾಣುತ್ತದೆ. ಮತ್ತೆ ಮತ್ತೆ ಬರುವ ನಾಲ್ಕು ಸಾಲಿನಲ್ಲಿ ಮೂರು ಸಾಲು ಏನೂ ಯೋಚಿಸಬೇಕಾಗಿಲ್ಲ: ಮೊದಲನೆಯದು ಪೂರ್ತಿ ಸೀದಾ (ನೂಲು ಕಡ್ಡಿಯ ಹಿಂದೆ), ಎರಡನೆಯದು ಪೂರ್ತಿ ಉಲ್ಟಾ (ನೂಲು ಮುಂದೆ), ನಾಲ್ಕನೆಯದು ಮತ್ತೆ ಪೂರ್ತಿ ಸೀದಾ. ನಮೂನೆ ಇರುವುದು ಮೂರನೆಯ ಸಾಲಿನಲ್ಲಿ ಮಾತ್ರ. 18 ಕುಣಿಕೆಗೊಮ್ಮೆ ಹೀಗೆ: ಎರಡೆರಡು ಕುಣಿಕೆ ಸೇರಿಸಿ ಒಂದು ಮಾಡುವುದು ಮೂರು ಸಲ, ನೂಲು ಸುತ್ತಿ ಒಂದು ಸೀದಾ ಹೆಣೆಯುವುದು ಆರು ಸಲ, ಮತ್ತೆ ಎರಡೆರಡು ಸೇರಿಸುವುದು ಮೂರು ಸಲ. ಕಳೆದದ್ದು ಆರು, ಕೂಡಿದ್ದು ಆರು. ಸಾಲಿನ ಕೊನೆಯಲ್ಲಿ ಎಣಿಸಿದಾಗ ಮೊದಲಿನಷ್ಟೇ ಇರಬೇಕು.

ನಾವು 96 ಕುಣಿಕೆ ಹಾಕಿಕೊಳ್ಳುತ್ತೇವೆ. ಐದು ಅಲೆಗೆ 90, ಎರಡೂ ಅಂಚಿಗೆ ಮೂರು ಮೂರು. ಅಂಚಿನ ಕುಣಿಕೆಗಳನ್ನು ಎಲ್ಲ ಸಾಲಿನಲ್ಲೂ ಸೀದಾ ಹೆಣೆಯಿರಿ, ಬದಿ ಸುರುಳಿಯಾಗುವುದಿಲ್ಲ. ಕುಣಿಕೆ ಹಾಕುವಾಗ ಕೈ ಸಡಿಲವಿರಲಿ. ಬಿಗಿಯಾಗಿ ಹಾಕಿದರೆ ಆ ತುದಿ ಆಮೇಲೆ ಎಳೆದರೂ ಬಗ್ಗುವುದಿಲ್ಲ.

ಒಂದೆರಡು ಶಾಲು ಆದಮೇಲೆ ಎಸ್ಟೋನಿಯಾದ ಹಾಪ್ಸಲು ಶಾಲಿಗೆ ಕೈ ಹಾಕಿ. ಒಂದೇ ಕುಣಿಕೆಯಲ್ಲಿ ಐದೋ ಏಳೋ ಎಬ್ಬಿಸಿ ಮುಂದಿನ ಸಾಲಿನಲ್ಲಿ ಒಟ್ಟಿಗೆ ಹೆಣೆದಾಗ ಮಲ್ಲಿಗೆ ಮೊಗ್ಗಿನಂಥ ಉಬ್ಬು ಬರುತ್ತದೆ. ಅದರ ಬೆಲೆಯೇ ಬೇರೆ.

ಒಂದು ಮಾತು. ಈಗಿನ ವಿನ್ಯಾಸಕಾರರು ಮಾಡಿದ ನಮೂನೆಯಾದರೆ, ಅದನ್ನು ಹೆಣೆದು ಮಾರಲು ಅವರ ಒಪ್ಪಿಗೆ ಇದೆಯೇ ನೋಡಿಕೊಳ್ಳಿ. ನೆರವಿಗೆಂದು ಬರೆದು ಕೇಳಿದರೆ, ನನ್ನ ಅನುಭವದಲ್ಲಿ, ಒಲ್ಲೆ ಎಂದವರಿಲ್ಲ.

ನೂಲು ಯಾವುದು? ನಮ್ಮ ಕಂಬಳಿಯ ಉಣ್ಣೆ ಆಗುವುದಿಲ್ಲವೇ?

ಕೇಳಿದವರ ಅಭಿಮಾನ ನನಗೆ ಅರ್ಥವಾಗುತ್ತದೆ. ನಾನೂ ಪ್ರಯತ್ನಿಸಿದೆ. ನಮ್ಮ ದಖನಿ ಕುರಿಯ ಉಣ್ಣೆ ಗಡುಸು, ಎಳೆ ದಪ್ಪ. ಕುರುಬ ಸಮುದಾಯದವರು ಅದನ್ನು ನೂತು, ನೇಯ್ದು, ಹುಣಸೆ ಬೀಜದ ಗಂಜಿ ಹಚ್ಚಿ ಮಾಡುವ ಕಂಬಳಿ ಮಳೆ ತಡೆಯುತ್ತದೆ, ತಲೆಮಾರು ಬಾಳುತ್ತದೆ. ಆದರೆ ಕತ್ತಿನ ಸುತ್ತ ಹಾಕುವ ಲೇಸಿಗೆ ಅದು ಚುಚ್ಚುತ್ತದೆ. ಕಂಬಳಿ ಬೇಕಾದವರು ಕಂಬಳಿಯನ್ನೇ, ನೇಯ್ದವರ ಕೈಯಿಂದಲೇ ಕೊಳ್ಳಿ.

ಲೇಸಿಗೆ ಮೆರಿನೊ ಉಣ್ಣೆ ಸರಿ. 100 ಗ್ರಾಮಿಗೆ 800 ಮೀಟರ್ ಬರುವಷ್ಟು ಸಣ್ಣ ನೂಲು, ಜೊತೆಗೆ 4 ಮಿಲಿಮೀಟರಿನ ಕಡ್ಡಿ. ರೇಷ್ಮೆ ಬೆರೆತ ಮೆರಿನೊ ಸಿಕ್ಕರೆ ನಮ್ಮ ಹವೆಗೆ ಇನ್ನೂ ಒಳ್ಳೆಯದು, ಹೊಳಪೂ ಬರುತ್ತದೆ. ಬರೀ ರೇಷ್ಮೆಯಲ್ಲಿ ಹೆಣೆದ ಶಾಲು ತೂಗುಬಿದ್ದಂತೆ ಉದ್ದವಾಗುತ್ತಾ ಹೋಗುತ್ತದೆ, ಏಕೆಂದರೆ ರೇಷ್ಮೆಗೆ ಉಣ್ಣೆಯ ಪುಟಿತ ಇಲ್ಲ. ರಾಮನಗರದ ಕಡೆಯಿಂದ ಕಚ್ಚಾ ರೇಷ್ಮೆ ತಂದು ಹೆಣೆಯುತ್ತೇನೆ ಎಂದವರಿಗೆ: ಬಿಚ್ಚಾಣಿಕೆಯ ಎಳೆ ಕೂದಲಿಗಿಂತ ಸಣ್ಣದು, ಹಲವು ಎಳೆ ಸೇರಿಸಿ ಹುರಿ ಮಾಡಿಸಬೇಕು. ಅಂಟು ತೆಗೆಸಿದಾಗ ತೂಕದಲ್ಲಿ ಕಾಲು ಭಾಗದಷ್ಟು ಹೋಗುತ್ತದೆ. ಅದನ್ನೂ ಲೆಕ್ಕದಲ್ಲಿಟ್ಟುಕೊಳ್ಳಿ.

ಅಕ್ರಿಲಿಕ್ ಬೇಡ. ಹಿಗ್ಗಿಸಿ ಒಣಗಿಸಿದರೂ ಅದು ಆಕಾರ ಹಿಡಿದಿಟ್ಟುಕೊಳ್ಳುವುದಿಲ್ಲ.

ಎಷ್ಟು ನೂಲು, ಎಷ್ಟು ದಿನ?

53 ಸೆಂಟಿಮೀಟರ್ ಅಗಲ, 180 ಸೆಂಟಿಮೀಟರ್ ಉದ್ದದ ಶಾಲಿಗೆ 100 ಗ್ರಾಮಿನ ಒಂದು ಲಡಿ ಸಾಕು. ಸುಮಾರು 450 ಸಾಲು, ಅಂದರೆ 43,000ಕ್ಕೂ ಹೆಚ್ಚು ಕುಣಿಕೆ. ನನಗೆ 45 ಗಂಟೆ ಹಿಡಿಯುತ್ತದೆ. ಊಟವಾದ ಮೇಲೆ ದಿನಕ್ಕೊಂದು ಗಂಟೆ ಕುಳಿತರೆ ಒಂದೂವರೆ ತಿಂಗಳು.

ನನಗೆ 71 ವರ್ಷ, ಕಣ್ಣು ಮಂಜು. ಸ್ವೆಟರ್ ಹೆಣೆದ ಕೈ. ಇದು ಆಗುತ್ತದೆಯೇ?

ಆಗುತ್ತದೆ ಅಮ್ಮ. ತಿಳಿಬಣ್ಣದ ನೂಲು ಆರಿಸಿ. ಕಪ್ಪು, ಕಡುನೀಲಿಯಲ್ಲಿ ಕಿಂಡಿ ಎಲ್ಲಿದೆ ಎಂದು ನಮಗೇ ಕಾಣುವುದಿಲ್ಲ. ಮಡಿಲಲ್ಲಿ ಗಾಢ ಬಣ್ಣದ ಬಟ್ಟೆ ಹಾಸಿಕೊಂಡರೆ ಕುಣಿಕೆಗಳು ಎದ್ದು ಕಾಣುತ್ತವೆ. ಉದ್ದ ಕಡ್ಡಿಗಳ ಬದಲು ತಂತಿಯಿಂದ ಜೋಡಿಸಿದ ಗಿಡ್ಡ ಕಡ್ಡಿ ಕೊಳ್ಳಿ, ಶಾಲಿನ ಭಾರ ಮಣಿಕಟ್ಟಿನ ಮೇಲೆ ಬೀಳದೆ ಮಡಿಲಲ್ಲಿ ಕೂರುತ್ತದೆ. ಪ್ರತಿ 18 ಕುಣಿಕೆಗೊಂದು ಬೇರೆ ಬಣ್ಣದ ನೂಲಿನ ಉಂಗುರ ಕಡ್ಡಿಗೆ ಹಾಕಿ. ಆಗ ಕಣ್ಣಿನ ಬದಲು ಬೆರಳೇ ಲೆಕ್ಕ ಹೇಳುತ್ತದೆ. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಸಮನಾಗಿ ಹೆಣೆಯುವವರು 78ರ ಒಬ್ಬರು. ಮೂರನೆಯ ಸಾಲನ್ನು ಅವರು ಬೆಳಗಿನ ಬೆಳಕಿಗೆ ಇಟ್ಟುಕೊಳ್ಳುತ್ತಾರೆ, ಉಳಿದ ಮೂರು ಸಾಲು ಸಂಜೆಗೆ.

ನಡುವೆ ತಪ್ಪಾದರೆ?

ಲೇಸಿನಲ್ಲಿ ಒಂದು ಕುಣಿಕೆ ಜಾರಿದರೆ ಅದು ಏಣಿ ಇಳಿದಂತೆ ಕೆಳಗಿಳಿಯುತ್ತದೆ, ಕಿಂಡಿಗಳ ನಡುವೆ ಎತ್ತಿ ಕೂರಿಸುವುದು ಬಹಳ ಕಷ್ಟ. ನನ್ನ ಎರಡನೆಯ ಶಾಲಿನಲ್ಲಿ ಹೀಗಾಯಿತು. 200ನೆಯ ಸಾಲಿನ ಆಚೆ ಎಲ್ಲೋ ಒಂದು ಕುಣಿಕೆ ಜಾರಿ, ನಾನು ಗಮನಿಸುವಷ್ಟರಲ್ಲಿ ಹನ್ನೆರಡು ಸಾಲು ಇಳಿದಿತ್ತು. ಸರಿಪಡಿಸಲು ಹೋಗಿ ಅಕ್ಕಪಕ್ಕದ ಅಲೆಗಳೂ ಕೆಟ್ಟವು. ಪೂರ್ತಿ ಬಿಚ್ಚಿದೆ. ಬಿಚ್ಚಿದ ನೂಲು ಸುರುಳಿ ಸುರುಳಿಯಾಗಿ ಮಡಿಲು ತುಂಬಿದಾಗ ಅತ್ತೇ ಬಿಟ್ಟೆ.

ಅದರ ನಂತರ ‘ಲೈಫ್‌ಲೈನ್’ ಇಲ್ಲದೆ ಹೆಣೆದಿಲ್ಲ. ಪ್ರತಿ 20 ಸಾಲಿಗೊಮ್ಮೆ, ನಾಲ್ಕನೆಯ ಸಾಲು ಮುಗಿದಾಗ, ಹೊಲಿಗೆ ಸೂಜಿಯಲ್ಲಿ ನುಣುಪಾದ ಹತ್ತಿ ದಾರ ಪೋಣಿಸಿ ಕಡ್ಡಿಯ ಮೇಲಿರುವ ಎಲ್ಲ ಕುಣಿಕೆಗಳೊಳಗೆ ಹಾಯಿಸಿ ಹಾಗೇ ಬಿಡಿ. ಮುಂದೆ ಏನೇ ಕೆಟ್ಟರೂ ಬಿಚ್ಚುವಿಕೆ ಆ ದಾರದವರೆಗೆ ಬಂದು ನಿಲ್ಲುತ್ತದೆ. ಹತ್ತು ನಿಮಿಷದ ಕೆಲಸ, ಹತ್ತು ಸಂಜೆ ಉಳಿಸುತ್ತದೆ.

ಸಣ್ಣ ತಪ್ಪಾದರೆ, ಒಂದು ಕಿಂಡಿ ಕಡಿಮೆಯಾಗಿದ್ದರೆ, ಮುಂದಿನ ಸಾಲಿನಲ್ಲಿ ಒಂದು ಕುಣಿಕೆ ಎತ್ತಿಕೊಂಡು ಮುಂದುವರಿಯಿರಿ. ಕೊಳ್ಳುವವರಿಗೆ ಅದನ್ನು ತೋರಿಸಿಯೇ ಮಾರಿ.

ಹೆಣೆದು ಮುಗಿದಾಗ ಮುದುಡಿದ ಚಿಂದಿಯಂತೆ ಕಾಣುತ್ತಿದೆ. ಎಲ್ಲಿ ಕೆಟ್ಟಿತು?

ಎಲ್ಲೂ ಕೆಟ್ಟಿಲ್ಲ. ಕಡ್ಡಿಯಿಂದ ಇಳಿದ ಲೇಸ್ ಎಲ್ಲವೂ ಹಾಗೆಯೇ ಕಾಣುತ್ತದೆ. ಅದನ್ನು ತೆರೆದು ತೋರಿಸುವ ಕೆಲಸಕ್ಕೆ ಬ್ಲಾಕಿಂಗ್ ಎನ್ನುತ್ತಾರೆ. ನನಗೆ ಇಡೀ ಕೆಲಸದಲ್ಲಿ ಅತಿ ಪ್ರಿಯವಾದ ಗಂಟೆ ಅದು.

ತಣ್ಣೀರಿಗೆ ಒಂದು ಹನಿ ಸೌಮ್ಯವಾದ ದ್ರವ ಸಾಬೂನು ಬೆರೆಸಿ, ಶಾಲನ್ನು ಅರ್ಧ ಗಂಟೆ ಮುಳುಗಿಸಿಡಿ. ಉಜ್ಜಬೇಡಿ, ಹಿಂಡಬೇಡಿ. ಎರಡೂ ಕೈಯಲ್ಲಿ ಎತ್ತಿ, ಟವೆಲ್ಲಿನ ಮೇಲೆ ಹಾಸಿ, ಚಾಪೆ ಸುತ್ತಿದಂತೆ ಸುತ್ತಿ ಮೇಲೆ ಒತ್ತಿ. ಆಮೇಲೆ ಹಾಸಿಗೆಯ ಮೇಲೆ ಒಗೆದ ಪಂಚೆ ಹಾಸಿ, ತುಕ್ಕು ಹಿಡಿಯದ ಗುಂಡುಪಿನ್ನುಗಳಿಂದ ಮೊದಲು ನಾಲ್ಕು ಮೂಲೆ, ನಂತರ ಬದಿಗಳನ್ನು ಎಳೆದೆಳೆದು ಚುಚ್ಚುತ್ತಾ ಬನ್ನಿ. 38 ಸೆಂಟಿಮೀಟರ್ ಇದ್ದ ಅಗಲ 53ಕ್ಕೆ ಬರುತ್ತದೆ. ತುದಿಯ ಪ್ರತಿ ಅಲೆಗೂ ಒಂದು ಪಿನ್ನು. ಒಂದೊಂದು ಪಿನ್ನಿಗೂ ಒಂದೊಂದು ಅಲೆ ಮುದುಡು ಬಿಟ್ಟು ಎದ್ದೇಳುವುದನ್ನು ನೋಡಿದವರು ಮತ್ತೆ ಹೆಣೆಯದೇ ಇರಲಾರರು. ಬೇಸಿಗೆಯಲ್ಲಿ ಸಂಜೆಯೊಳಗೆ ಒಣಗುತ್ತದೆ, ಆಷಾಢದಲ್ಲಿ ಎರಡು ದಿನ. ಪೂರ್ತಿ ಒಣಗದೆ ಪಿನ್ನು ತೆಗೆದರೆ ಶಾಲು ಹಿಂದಕ್ಕೆ ಕುಗ್ಗುತ್ತದೆ.

ಉಂಗುರದೊಳಗೆ ಹಾಯುವ ಶಾಲು ಎಂದರೆ ಶಹತೂಷ್ ಅಲ್ಲವೇ? ಅದು ಅಪರಾಧ ಎಂದು ಕೇಳಿದ್ದೇನೆ.

ಶಹತೂಷ್ ಖಂಡಿತ ಅಪರಾಧ. ಟಿಬೆಟ್ ಪ್ರಸ್ಥಭೂಮಿಯ ಚಿರು ಎಂಬ ಹುಲ್ಲೆಯನ್ನು ಕೊಂದು ತೆಗೆಯುವ ಕೂದಲು ಅದು. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮಾರುವುದೂ ಕೊಳ್ಳುವುದೂ ನಿಷಿದ್ಧ. ಶೆಟ್ಲೆಂಡಿನ ಅನ್‌ಸ್ಟ್ ದ್ವೀಪದ ಹೆಂಗಸರು ಹೆಣೆಯುತ್ತಿದ್ದ ಶಾಲುಗಳೂ ಮದುವೆಯ ಉಂಗುರದೊಳಗೆ ಹಾಯುವಷ್ಟು ನವಿರು. ಆದರೆ ಅವು ಕುರಿಯ ಕತ್ತಿನ ಮೃದು ಉಣ್ಣೆಯವು. ಕುರಿ ಮರುವರ್ಷವೂ ಮೇಯುತ್ತಿರುತ್ತದೆ.

ಅಂಗಡಿಯಲ್ಲಿ 500 ರೂಪಾಯಿಗೆ ಲೇಸ್ ಶಾಲು ಸಿಗುವಾಗ ನಿಮ್ಮದನ್ನು ಯಾರು ಕೊಳ್ಳುತ್ತಾರೆ?

ಅಂಗಡಿಯದು ಯಂತ್ರದ್ದು, ಹೋಲಿಕೆ ಬೇಡ. ನಾವು ನೂಲಿನ ಬೆಲೆಯ ಎರಡರಷ್ಟರಿಂದ, ಹೆಚ್ಚಾಗಿ 4,000 ರೂಪಾಯಿಯಿಂದ, ಕೂಗು ಶುರು ಮಾಡುತ್ತೇವೆ. ಶಾಲಿನ ಜೊತೆ ಒಂದು ಚೀಟಿ ಇಡುತ್ತೇವೆ: ಯಾವ ನೂಲು, ಎಷ್ಟು ಸಾಲು, ಎಷ್ಟು ಗಂಟೆ. ಗಂಟೆಗಳನ್ನು ಬರೆಯಲೇಬೇಕು ಎಂದು ಹಟ ಹಿಡಿದವಳು ನಾನು. ಅದಕ್ಕೆ ಕಾರಣವಿದೆ.

1837ರಲ್ಲಿ ಶೆಟ್ಲೆಂಡಿನವರೇ ಆದ, ಪಿ ಆ್ಯಂಡ್ ಓ ಹಡಗು ಕಂಪನಿಯ ಸ್ಥಾಪಕರಲ್ಲೊಬ್ಬರಾದ ಆರ್ಥರ್ ಆ್ಯಂಡರ್ಸನ್ ವಿಕ್ಟೋರಿಯಾ ರಾಣಿಗೆ ಅಲ್ಲಿನ ಸಣ್ಣ ಹೆಣಿಗೆಯ ಕಾಲುಚೀಲಗಳನ್ನು ಒಪ್ಪಿಸಿದರು. ಆಮೇಲೆ ಆ ಹೆಣಿಗೆಗೆ, ಮುಂದೆ ಲೇಸಿಗೂ, ಶ್ರೀಮಂತರಲ್ಲಿ ಬೇಡಿಕೆ ಏರಿತು. ಆದರೆ ಹೆಣೆದ ಹೆಂಗಸರ ಕೈಗೆ ಹಣ ಬರಲಿಲ್ಲ. ವ್ಯಾಪಾರಿಗಳು ಶಾಲಿಗೆ ಬದಲಾಗಿ ಚಹಾ, ಬಟ್ಟೆ ಕೊಟ್ಟು ಕಳಿಸುತ್ತಿದ್ದರು. ಆಲೂಗಡ್ಡೆ ಬೇಕಾದವಳಿಗೂ ಚಹಾ, ಬಾಡಿಗೆ ಕಟ್ಟಬೇಕಾದವಳಿಗೂ ಚಹಾ. ಆ ಚಹಾವನ್ನು ಹೊತ್ತುಕೊಂಡು ಹೋಗಿ ಊಟಕ್ಕೆ ಬೇಕಾದದ್ದಕ್ಕೆ ಬದಲಾಯಿಸಿಕೊಳ್ಳಬೇಕಿತ್ತು. ಈ ಪದ್ಧತಿಯ ವಿಚಾರಣೆಗೆ ಬ್ರಿಟನ್ ಆಯೋಗ ನೇಮಿಸಿ, 1872ರಲ್ಲಿ ಅದರ ವರದಿಯೂ ಬಂತು. ಅವರಿಗೆ ಚಹಾ ಕೊಟ್ಟ ವ್ಯಾಪಾರಿಗೂ ಶಿಬಿರಕ್ಕೆ ಶೇರ್ವಾನಿ ಕಳಿಸಿದ ಕೈಗೂ ನಡುವೆ ನನಗೆ ದೂರ ಕಾಣುವುದಿಲ್ಲ. ಎದುರಿಗಿರುವವರಿಗೆ ಏನು ಬೇಕೆಂದು ಎರಡು ಕಡೆಯಲ್ಲೂ ಯಾರೂ ಕೇಳಲಿಲ್ಲ.

ಹರಾಜಿನ ಬದಲು ಟಿಕೆಟ್ ಮಾರಿ ಅದೃಷ್ಟ ಚೀಟಿ ಎತ್ತಿದರೆ ಹೆಚ್ಚು ಹಣ ಬರುವುದಿಲ್ಲವೇ?

ಬರಬಹುದು. ಆದರೆ ಹಣ ಪಡೆದು ಚೀಟಿ ಎತ್ತಿ ಬಹುಮಾನ ಕೊಡುವುದು ಲಾಟರಿಯೇ ಆಗುತ್ತದೆ. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧವಿದೆ. ಉದ್ದೇಶ ಒಳ್ಳೆಯದು ಎಂಬುದು ಕಾನೂನಿನ ಮುಂದೆ ಉತ್ತರವಲ್ಲ. ಹರಾಜು ಸಾಕು.

ಶಾಲು ಮುಗಿಯುವ ಮೊದಲೇ ಕೂಗು ಶುರು ಮಾಡಬಹುದೇ?

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಬೇಡಿ. ಬ್ಲಾಕಿಂಗ್ ಆಗಿ, ಒಣಗಿ, ಹಗಲು ಬೆಳಕಿನಲ್ಲಿ ಫೋಟೊ ತೆಗೆದ ಮೇಲೆ ಹರಾಜು.

ಹಣ ನಿಮ್ಮ ಖಾತೆಗೆ ಬರುತ್ತದೆಯೇ? ಲೆಕ್ಕ ಹೇಗೆ?

ನಮ್ಮ ಖಾತೆಗೆ ಒಂದು ರೂಪಾಯಿಯೂ ಬರುವುದಿಲ್ಲ. ಗೆದ್ದವರು ನೇರವಾಗಿ ಸಂಸ್ಥೆಗೆ ಕಟ್ಟಿ, ರಶೀದಿಯ ಪ್ರತಿ ಕಳಿಸುತ್ತಾರೆ. ರಶೀದಿ ಕಂಡ ಮೇಲೆ ಶಾಲು ಹೊರಡುತ್ತದೆ. ನೂಲಿನ ಖರ್ಚು ಹೆಣೆದವರದೇ. ಆ ಖರ್ಚು ಹೊರುವುದು ಕಷ್ಟವಾದವರಿಗೆ ನಾವು ಉಳಿದವರು ಸೇರಿ ನೂಲು ಕೊಡಿಸುತ್ತೇವೆ. ಸಂಸ್ಥೆಯ ಲಾಂಛನವನ್ನು ನಾವು ಎಲ್ಲೂ ಬಳಸುವುದಿಲ್ಲ. ನಾವು ಅದರ ಪ್ರತಿನಿಧಿಗಳಲ್ಲ, ದಾನಿಗಳಷ್ಟೇ.

ತೆರಿಗೆ ವಿನಾಯಿತಿ ಕೇಳುವವರು ಬಹಳ. ವಸ್ತುರೂಪದ ದಾನಕ್ಕೆ ಆ ವಿನಾಯಿತಿ ಇಲ್ಲ, 2,000 ರೂಪಾಯಿ ಮೀರಿದ ನಗದಿಗೂ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಶಾಲಿಗೆ ಪ್ರತಿಯಾಗಿ ಕೊಟ್ಟ ಹಣವನ್ನು ಪೂರ್ತಿ ದಾನವೆಂದು ತೋರಿಸುವುದು ಸರಿಯಲ್ಲ ಎಂಬುದು ನನ್ನ ನಿಲುವು. ನಿಮ್ಮ ಆಡಿಟರನ್ನು ಕೇಳಿ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ ಎನಿಸುತ್ತದೆ. ಅದಕ್ಕೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನಿಯಮಗಳಿವೆ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಎಂಎಸ್‌ಎಫ್‌ನ ಘಟಕಗಳೇ ಇವೆ. ನೀವಿರುವಲ್ಲೇ ಕಟ್ಟಿ, ರಶೀದಿ ನಮಗೆ ಕಳಿಸಿ. ಹಣ ಗಡಿ ದಾಟಬೇಕಾಗಿಲ್ಲ, ಶಾಲು ದಾಟಿದರೆ ಸಾಕು.

ಬೇರೆ ಸಂಸ್ಥೆಗೆ ಕೊಡಬಹುದೇ?

ಧಾರಾಳವಾಗಿ. ನಮ್ಮಲ್ಲೇ ಒಬ್ಬರು ತಮ್ಮ ಶಾಲಿನ ಹಣವನ್ನು ಬೆಂಗಳೂರಿನ ಕರುಣಾಶ್ರಯಕ್ಕೆ ಕೊಡುತ್ತಾರೆ. ಕ್ಯಾನ್ಸರಿನ ಕೊನೆಯ ಹಂತದಲ್ಲಿರುವವರನ್ನು ಅಲ್ಲಿ ಉಚಿತವಾಗಿ ನೋಡಿಕೊಳ್ಳುತ್ತಾರೆ. ಅವರ ಅಕ್ಕ ಕೊನೆಯ ಹನ್ನೊಂದು ದಿನ ಅಲ್ಲಿದ್ದರು.

ಕೊಂಡವರು ಶಾಲನ್ನು ಹೇಗೆ ಜೋಪಾನ ಮಾಡಬೇಕು?

ವಾಷಿಂಗ್ ಮೆಷಿನ್, ಬಿಸಿನೀರು ಎರಡೂ ಬೇಡ, ಉಣ್ಣೆ ಗಂಟು ಕಟ್ಟಿ ಕಂಬಳಿಯಾಗುತ್ತದೆ. ಹ್ಯಾಂಗರಿಗೆ ತೂಗುಹಾಕಬೇಡಿ. ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ, ಒಣಗಿದ ಬೇವಿನ ಎಲೆ ಇಟ್ಟು ಬೀರುವಿನಲ್ಲಿಡಿ. ವರ್ಷಕ್ಕೊಮ್ಮೆಯಾದರೂ ಹೊದೆಯಿರಿ. ಹುಳ ಹಿಡಿಯುವುದು ಮುಟ್ಟದೆ ಇಟ್ಟ ಶಾಲಿಗೇ.

ಮುಗಿದ ಮೇಲೆ ಕೊಡಲು ಮನಸ್ಸೇ ಬರುತ್ತಿಲ್ಲ. ಏನು ಮಾಡಲಿ?

ಇಟ್ಟುಕೊಳ್ಳಿ. ಕೂಗು ಶುರುವಾಗುವ ಬೆಲೆಯನ್ನು ನೀವೇ ಸಂಸ್ಥೆಗೆ ಕಟ್ಟಿ, ಇನ್ನೊಂದು ಲಡಿ ತಂದು 96 ಕುಣಿಕೆ ಹಾಕಿ. ನನ್ನ ಮೊದಲನೆಯದು ಹೋದದ್ದು ಹಾಗೆಯೇ. ಬೂದುಬಣ್ಣದ್ದು, ಎಡ ಅಂಚಿನಲ್ಲಿ ಬಿಗಿ ಜಾಸ್ತಿ, 37ನೆಯ ಸಾಲಿನಲ್ಲಿ ಒಂದು ಕಿಂಡಿ ಇಲ್ಲ. ಚಿಕ್ಕಮಗಳೂರಿನಲ್ಲಿ ನನಗೆ ಕಡ್ಡಿ ಹಿಡಿಯಲು ಕಲಿಸಿದ ಅಮ್ಮ ಅದನ್ನು ಬೆಳಗಿನ ಕಾಫಿಯ ಹೊತ್ತಿಗೆ ಹೊದೆಯುತ್ತಾರೆ. ಆ 37ನೆಯ ಸಾಲನ್ನು ಬೆರಳಿಂದ ಹುಡುಕಿ ಹಿಡಿದು, ಇದನ್ನೇಕೆ ಸರಿಮಾಡಲಿಲ್ಲ ಎಂದು ಪ್ರತಿ ಸಲವೂ ಕೇಳುತ್ತಾರೆ.